ವೈಲ್ಡ್‌ನ ‘ಅರ್ನೆಸ್ಟ್’ ಇಂದಿನ ರಂಗದ ಮೇಲೆ: ಆಡಿಸುವವರಿಗೊಂದು ಕೈಪಿಡಿ

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಮೊದಲು ಪ್ರದರ್ಶನಗೊಂಡದ್ದು 1895ರ ಫೆಬ್ರವರಿ 14ರಂದು, ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ. ವಿಕ್ಟೋರಿಯಾ ಕಾಲದ ಹಾಸ್ಯನಾಟಕಗಳಲ್ಲಿ ಇದರಷ್ಟು ಸಲ ಮತ್ತೆ ಮತ್ತೆ ರಂಗಕ್ಕೆ ಬಂದವು ಕಡಿಮೆ. ಕಥೆ ಇಷ್ಟು: ಅರ್ನೆಸ್ಟ್ ಎಂಬ ತಮ್ಮನಿದ್ದಾನೆಂದು ಊರಲ್ಲಿ ಸುಳ್ಳು ಹೇಳುವ ಜ್ಯಾಕ್, ಲಂಡನ್ನಿನಲ್ಲಿ ತಾನೇ ಅರ್ನೆಸ್ಟ್ ಎನ್ನಿಸಿಕೊಂಡು ಗೆಳೆಯ ಅಲ್ಜರ್ನನ್‌ನ ಬಂಧು ಗ್ವೆಂಡೊಲಿನ್‌ಳನ್ನು ಪ್ರೀತಿಸುತ್ತಾನೆ. ಅವನು ರೈಲು ನಿಲ್ದಾಣದಲ್ಲಿ ಚೀಲವೊಂದರೊಳಗೆ ಸಿಕ್ಕ ಕೂಸೆಂದು ತಿಳಿದು ಅವಳ ತಾಯಿ ಲೇಡಿ ಬ್ರ್ಯಾಕ್‌ನೆಲ್ ಮದುವೆಗೆ ಒಪ್ಪುವುದಿಲ್ಲ. ಅತ್ತ ಅಲ್ಜರ್ನನ್ ಅದೇ ಅರ್ನೆಸ್ಟ್ ಎಂದುಕೊಂಡು ಊರಿಗೆ ಹೋಗಿ ಜ್ಯಾಕ್‌ನ ಆಶ್ರಯದಲ್ಲಿರುವ ಸೆಸಿಲಿಯನ್ನು ಒಲಿಸಿಕೊಳ್ಳುತ್ತಾನೆ. ಹುಡುಗಿಯರಿಬ್ಬರಿಗೂ ಅರ್ನೆಸ್ಟ್ ಎಂಬ ಹೆಸರಿನ ಗಂಡನೇ ಬೇಕು, ಹಾಗಾಗಿ ಗಂಡಸರಿಬ್ಬರೂ ಆ ಹೆಸರಿಗಾಗಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಾರೆ. ತನ್ನ ಕಾದಂಬರಿಯ ಹಸ್ತಪ್ರತಿಯ ಬದಲು ಕೂಸನ್ನು ಚೀಲದಲ್ಲಿಟ್ಟು ಮರೆತವಳು ಸೆಸಿಲಿಯ ಶಿಕ್ಷಕಿ ಮಿಸ್ ಪ್ರಿಸಮ್ ಎಂದು ಕೊನೆಗೆ ಬಯಲಾಗುತ್ತದೆ. ಓದುವಾಗ ಪುಟಪುಟಕ್ಕೂ ನಗು ಬರುತ್ತದೆ, ಆದ್ದರಿಂದ ಆಡುವುದೂ ಸುಲಭ ಅನ್ನಿಸುತ್ತದೆ. ರಂಗದ ಮೇಲೆ ಬಂದಾಗ ಅದೇ ಮಾತುಗಳು ನೆಲಕ್ಕೆ ಬೀಳುತ್ತವೆ. ಇದಕ್ಕೆ ಕಾರಣ ಹೆಚ್ಚಾಗಿ ಒಂದೇ. ತಾವು ತಮಾಷೆ ಮಾಡುತ್ತಿದ್ದೇವೆಂದು ನಟರಿಗೆ ಗೊತ್ತಿರುತ್ತದೆ, ಗೊತ್ತಿರುವುದು ಪ್ರೇಕ್ಷಕರಿಗೂ ಕಾಣುತ್ತದೆ.

ಈ ನಾಟಕದ ಒಂದು ಪಾತ್ರವೂ ತಮಾಷೆ ಮಾಡುತ್ತಿಲ್ಲ. ಮಗಳಿಗೆ ತಕ್ಕ ವರ ಸಿಗಬೇಕು, ಪ್ರೀತಿಸಿದವಳು ಕೈತಪ್ಪಬಾರದು, ತಟ್ಟೆಯಲ್ಲಿ ಉಳಿದ ಕೊನೆಯ ಮಫಿನ್ ತನಗೇ ಬೇಕು: ಇವೆಲ್ಲ ಅವರಿಗೆ ಜೀವನ್ಮರಣದ ಪ್ರಶ್ನೆಗಳು. ವೈಲ್ಡ್‌ಗಿಂತ ಮುಂಚೆ, 1877ರಲ್ಲಿ, ಡಬ್ಲ್ಯು. ಎಸ್. ಗಿಲ್ಬರ್ಟ್ ತನ್ನ ‘ಎಂಗೇಜ್ಡ್’ ನಾಟಕಕ್ಕೆ ಇದೇ ಸೂಚನೆಯನ್ನು ಬರೆದಿಟ್ಟಿದ್ದ. ನಟರು ಪೂರ್ಣ ಗಾಂಭೀರ್ಯದಿಂದ ಆಡಬೇಕು, ಉಡುಪಿನಲ್ಲಾಗಲಿ ಬಣ್ಣದಲ್ಲಾಗಲಿ ಅತಿರೇಕ ಕೂಡದು, ತಮ್ಮ ಮಾತು ಅಸಂಬದ್ಧವೆಂದು ನಟರಿಗೆ ಅರಿವಿದೆ ಎಂದು ಕಂಡ ಕ್ಷಣದಿಂದ ನಾಟಕ ಎಳೆಯತೊಡಗುತ್ತದೆ ಎಂಬುದು ಅದರ ಸಾರ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ನಿಯಮವನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಇವೆ.

ಮೊದಲು ಪಠ್ಯ

ವೈಲ್ಡ್ ಮೊದಲು ಬರೆದದ್ದು ನಾಲ್ಕು ಅಂಕ. ಸೇಂಟ್ ಜೇಮ್ಸ್‌ನ ವ್ಯವಸ್ಥಾಪಕನೂ ಜ್ಯಾಕ್ ಪಾತ್ರಧಾರಿಯೂ ಆಗಿದ್ದ ಜಾರ್ಜ್ ಅಲೆಕ್ಸಾಂಡರ್ ಒತ್ತಾಯದಿಂದ ಅದು ಮೂರಕ್ಕೆ ಇಳಿಯಿತು. ಸವಾಯ್ ಹೋಟೆಲಿನ ಊಟದ ಸಾಲಕ್ಕಾಗಿ ‘ಅರ್ನೆಸ್ಟ್’ನನ್ನು ಹಿಡಿದೊಯ್ಯಲು ಗ್ರಿಬ್ಸ್‌ಬಿ ಎಂಬ ವಕೀಲ ಬರುವ ದೃಶ್ಯ ಆಗ ಬಿದ್ದುಹೋಯಿತು. 1899ರಲ್ಲಿ ಪುಸ್ತಕವಾಗಿ ಅಚ್ಚಾದದ್ದು ಮೂರಂಕದ ರೂಪ. ಅದನ್ನೇ ಆಡಿ. ಗ್ರಿಬ್ಸ್‌ಬಿ ದೃಶ್ಯ ಓದಲು ಸೊಗಸಾಗಿದೆ. ಆದರೆ ಎರಡನೇ ಅಂಕ ಈಗಾಗಲೇ ಮೂರರಲ್ಲಿ ಅತಿ ಉದ್ದದ್ದು, ಅದರ ಹೊಟ್ಟೆಗೆ ಇನ್ನೂ ಹತ್ತು ನಿಮಿಷ ತುಂಬಿದರೆ ಹುಡುಗಿಯರ ಚಹಾದ ಜಗಳಕ್ಕೆ ಬರುವ ಹೊತ್ತಿಗೆ ಸಭೆ ದಣಿದಿರುತ್ತದೆ.

ಹಕ್ಕುಗಳ ವಿಚಾರ: ವೈಲ್ಡ್ ತೀರಿಕೊಂಡದ್ದು 1900ರಲ್ಲಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ, ಆದ್ದರಿಂದ ಮೂಲಪಠ್ಯಕ್ಕೆ ಯಾರ ಅನುಮತಿಯೂ ಬೇಡ. ಅನುವಾದ ಮತ್ತು ರೂಪಾಂತರಕ್ಕೆ ಮಾತ್ರ ಪ್ರತ್ಯೇಕ ಹಕ್ಕಿರುತ್ತದೆ. ಬೇರೆಯವರ ಕನ್ನಡ ಪಠ್ಯ ಬಳಸುವುದಾದರೆ ಎಷ್ಟು ಪ್ರದರ್ಶನ, ಯಾವ ಅವಧಿ, ಕತ್ತರಿಸಲು ಒಪ್ಪಿಗೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕತ್ತರಿಯ ಒಪ್ಪಿಗೆಯನ್ನೇ ಕೇಳಲು ಮರೆತು ಪ್ರದರ್ಶನದ ವಾರದಲ್ಲಿ ಮನಸ್ತಾಪ ಮಾಡಿಕೊಳ್ಳುವ ತಂಡಗಳಿವೆ.

ಮೂರಂಕದ ಇಂಗ್ಲಿಷ್ ಪಠ್ಯ ಸುಮಾರು 20,000 ಪದಗಳದು. ಚುರುಕಾಗಿ ಆಡಿದರೆ ಮೊದಲ ಅಂಕಕ್ಕೆ 40 ನಿಮಿಷ, ಎರಡನೆಯದಕ್ಕೆ 50, ಮೂರನೆಯದಕ್ಕೆ ಅರ್ಧ ಗಂಟೆ. ಮಧ್ಯಂತರ ಸೇರಿ ಎರಡೂಕಾಲು ಗಂಟೆ. ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಇಳಿದರೂ ಮಾತಿನ ಉದ್ದ ಇಳಿಯುವುದಿಲ್ಲ. ಪದ ಎಣಿಸಬೇಡಿ, ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿ.

ಕಾಲ ಬದಲಿಸಬೇಕೆ?

‘ಇಂದಿನ ಪ್ರೇಕ್ಷಕರಿಗಾಗಿ’ ಎಂದಾಗ ಮೊದಲು ಹೊಳೆಯುವುದು ಕಥೆಯನ್ನು ಇಂದಿಗೆ ತರುವುದು. ಈ ನಾಟಕದ ಮಟ್ಟಿಗೆ ಅದು ಕೆಡುವ ದಾರಿ. ಜ್ಯಾಕ್‌ಗೆ ಊರಲ್ಲೊಂದು ಹೆಸರು, ನಗರದಲ್ಲೊಂದು ಹೆಸರು. ಮೊಬೈಲ್ ಇರುವ ಲೋಕದಲ್ಲಿ ಆ ಸುಳ್ಳು ಅರ್ಧ ಗಂಟೆ ಬಾಳುವುದಿಲ್ಲ. ಜ್ಯಾಕ್‌ನ ತಂದೆಯಾದ ಜನರಲ್‌ನ ಹೆಸರು ಗೊತ್ತಾಗುವ ಕೊನೆಯ ತಿರುವು ನಿಂತಿರುವುದು ಕಪಾಟಿನಲ್ಲಿರುವ ಸೇನಾ ಅಧಿಕಾರಿಗಳ ಮುದ್ರಿತ ಪಟ್ಟಿಯ ಮೇಲೆ. ಅದನ್ನು ಫೋನಿನಲ್ಲಿ ಹುಡುಕಿಸಿದರೆ ಪುಟ ತಿರುವುವ ಕಾತರವೇ ಹೋಗುತ್ತದೆ.

ಕಾಲ ಬದಲಿಸಲೇಬೇಕೆಂದಿದ್ದರೆ ಐದು ಸಂಗತಿ ಇರುವ ಕಾಲವನ್ನು ಹುಡುಕಿ: ಸುದ್ದಿ ನಿಧಾನವಾಗಿ ಹರಿಯಬೇಕು, ಮನೆಯಲ್ಲಿ ಆಳುಗಳಿರಬೇಕು, ಹಿರಿಯರ ಒಪ್ಪಿಗೆಯಿಲ್ಲದೆ ಮದುವೆ ಆಗಬಾರದು, ರೈಲು ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವ ಕೋಣೆ ಇರಬೇಕು, ದೊಡ್ಡವರಾದ ಮೇಲೂ ಹೊಸ ಹೆಸರಿಡಿಸಿಕೊಳ್ಳುವ ಒಂದು ವಿಧಿ ಇರಬೇಕು. ಕರ್ನಾಟಕದಲ್ಲಿ ಈ ಐದೂ ಒಟ್ಟಿಗೆ ಸಿಗುವ ಜಾಗ 1930ರ ದಶಕದ ಬೆಂಗಳೂರು ದಂಡು ಪ್ರದೇಶ. ಅಲ್ಲಿನ ಕ್ರೈಸ್ತ ಕುಟುಂಬವೊಂದನ್ನು ತೆಗೆದುಕೊಂಡರೆ ಚರ್ಚು, ಪಾದ್ರಿ, ದೀಕ್ಷಾಸ್ನಾನ, ಕಂಟೋನ್ಮೆಂಟ್ ಸ್ಟೇಷನ್, ಸೇನೆಯ ಜನರಲ್ ಎಲ್ಲವೂ ಬಲವಂತವಿಲ್ಲದೆ ಕೂರುತ್ತವೆ. ಲಂಡನ್ನಿನಲ್ಲೇ ಉಳಿಸಿಕೊಂಡರೂ ನಷ್ಟವಿಲ್ಲ. ಅಪ್ಪಟ ಪರದೇಶವನ್ನು ನೋಡಲು ಕನ್ನಡ ಪ್ರೇಕ್ಷಕರು ಯಾವತ್ತೂ ಹಿಂಜರಿದವರಲ್ಲ.

ಕನ್ನಡದಲ್ಲಿ ಆಡುವುದಾದರೆ: ನೆಂಟಸ್ತಿಕೆಯ ಸಿಕ್ಕು

ಇದನ್ನು ತಾಲೀಮಿಗೆ ಮುಂಚೆಯೇ ಬಿಡಿಸಿಕೊಳ್ಳಿ, ಏಕೆಂದರೆ ಇಡೀ ನಾಟಕದ ಕೊನೆ ಇದರ ಮೇಲೆ ನಿಂತಿದೆ. ಮೂಲದಲ್ಲಿ ಅಲ್ಜರ್ನನ್‌ನ ತಾಯಿ ಲೇಡಿ ಬ್ರ್ಯಾಕ್‌ನೆಲ್‌ಳ ಸ್ವಂತ ತಂಗಿ ಅಥವಾ ಅಕ್ಕ. ಕೊನೆಯಲ್ಲಿ ಜ್ಯಾಕ್ ಕೂಡ ಅದೇ ತಾಯಿಯ ಮಗನೆಂದು ಬಯಲಾಗುತ್ತದೆ. ಆಮೇಲೆ ಅವನು ಗ್ವೆಂಡೊಲಿನ್‌ಳ ಕೈ ಹಿಡಿಯುತ್ತಾನೆ. ಇಂಗ್ಲಿಷ್ ಸಭೆಗೆ ಇದರಲ್ಲಿ ತೊಡಕಿಲ್ಲ. ನಮ್ಮಲ್ಲಿ ತಾಯಿಯ ಅಕ್ಕತಂಗಿಯರ ಮಕ್ಕಳು ಅಣ್ಣತಂಗಿಯರು. ದೊಡ್ಡಮ್ಮನ ಮಗಳನ್ನು ಮದುವೆಯಾಗಲು ಹೊರಟ ನಾಯಕನನ್ನು ಕಂಡು ಸಭೆಯ ನಗು ಅಲ್ಲೇ ನಿಲ್ಲುತ್ತದೆ, ಸುಖಾಂತ್ಯ ಕಸಿವಿಸಿಯಾಗುತ್ತದೆ. ಲೇಡಿ ಬ್ರ್ಯಾಕ್‌ನೆಲ್‌ಳನ್ನು ‘ಆಗಸ್ಟಾ ಅತ್ತೆ’ ಎಂದು ಕರೆಸಿ ಕೊನೆಯಲ್ಲಿ ‘ನನ್ನ ತಂಗಿಯ ಮಗ’ ಎನ್ನಿಸಿದರೆ ಅದು ಇನ್ನೂ ದೊಡ್ಡ ಗೊಂದಲ.

ಲಂಡನ್ನಿನಲ್ಲೇ ಆಡುವಾಗ ‘ಆಂಟಿ’ ಎಂದು ಉಳಿಸಿ ಮುಂದೆ ಹೋಗಬಹುದು. ಪರದೇಶದ ರೀತಿ ಎಂದು ಸಭೆ ಒಪ್ಪುತ್ತದೆ. ರೂಪಾಂತರದಲ್ಲಿ ಒಂದು ಸಣ್ಣ ತಿದ್ದುಪಡಿ ಸಾಕು: ಜ್ಯಾಕ್‌ನ ತಾಯಿಯನ್ನು ಲೇಡಿ ಬ್ರ್ಯಾಕ್‌ನೆಲ್‌ಳ ಒಡಹುಟ್ಟಿದವಳನ್ನಾಗಿ ಮಾಡದೆ ಅವಳ ಗಂಡನ ತಂಗಿಯನ್ನಾಗಿ ಮಾಡಿ. ಆಗ ಲೇಡಿ ಬ್ರ್ಯಾಕ್‌ನೆಲ್ ಸೋದರಮಾವನ ಹೆಂಡತಿ, ಅಂದರೆ ಸರಿಯಾಗಿಯೇ ಅತ್ತೆ. ಗ್ವೆಂಡೊಲಿನ್ ಸೋದರಮಾವನ ಮಗಳು. ಮದುವೆ ನಿಷಿದ್ಧವಾಗಿದ್ದದ್ದು ಒಂದೇ ಏಟಿಗೆ ನ್ಯಾಯವಾದ ಹಕ್ಕಾಗುತ್ತದೆ, ಸಭೆಯಿಂದ ಮೂಲದಲ್ಲಿಲ್ಲದ ಒಂದು ದೊಡ್ಡ ನಗು ಸಿಗುತ್ತದೆ. ಜನರಲ್‌ನ ಹೆಸರು ಅವಳಿಗೆ ನೆನಪಿಲ್ಲದಿರುವುದೂ ಸಹಜವಾಗುತ್ತದೆ, ಏಕೆಂದರೆ ಆತ ನಾದಿನಿಯ ಗಂಡ. ಅವನನ್ನೇ ಅವಳ ಅಣ್ಣನನ್ನಾಗಿ ಮಾಡಿದರೂ ಮದುವೆ ಕೂಡಿಬರುತ್ತದೆ, ಆದರೆ ಒಡಹುಟ್ಟಿದವನ ಹೆಸರನ್ನು ಮರೆತಳೆಂದರೆ ಯಾರೂ ನಂಬುವುದಿಲ್ಲ. ಇನ್ನೊಂದು ಅನುಕೂಲ: ಮೂಲದಲ್ಲಿ ಮಗು ಕಳೆದುಹೋದದ್ದು ಲಾರ್ಡ್ ಬ್ರ್ಯಾಕ್‌ನೆಲ್‌ನ ಮನೆಯಿಂದ. ಹೆಣ್ಣುಮಗಳು ಕೂಸಿನೊಡನೆ ಅಣ್ಣನ ಮನೆಯಲ್ಲಿದ್ದಳು, ತವರಿಗೆ ಬಂದಿದ್ದಳು ಎಂದರೆ ನಮ್ಮ ಸಭೆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಹೆಸರಿನ ಶ್ಲೇಷೆಗೆ (ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ‘ಅರ್ನೆಸ್ಟ್’ ಎಂದರೆ ಪ್ರಾಮಾಣಿಕ, ಮನಃಪೂರ್ವಕ) ಇಷ್ಟು: ಲಂಡನ್ ಕಥೆಯಾದರೆ ‘ಅರ್ನೆಸ್ಟ್’ ಹಾಗೇ ಇರಲಿ, ಆ ಹೆಸರು ಕೇಳಿದರೇ ನಂಬಿಕೆ ಹುಟ್ಟುತ್ತದೆ ಎಂಬ ಗ್ವೆಂಡೊಲಿನ್‌ಳ ಮಾತನ್ನು ಎಂದೂ ಕತ್ತರಿಸಬೇಡಿ. ದಂಡಿನ ಕಥೆಯಾದರೆ ‘ಸತ್ಯಾನಂದ’ ಎಂದಿಟ್ಟು ‘ಸತ್ಯ’ ಎಂದು ಕರೆಸಬಹುದು, ಕೊನೆಯ ಸಾಲಿಗೂ ದಾರಿಯಾಗುತ್ತದೆ.

ಅನುವಾದದ ಸಾಲುಗಳನ್ನು ಕಿವಿಯಿಂದ ಪರೀಕ್ಷಿಸಿ. ವೈಲ್ಡ್‌ನ ವಾಕ್ಯಗಳಲ್ಲಿ ಏಟು ಕೊನೆಯ ಪದದಲ್ಲಿರುತ್ತದೆ. ಕನ್ನಡದಲ್ಲಿ ಆ ಜಾಗವನ್ನು ಕ್ರಿಯಾಪದ ಹಿಡಿದುಕೊಳ್ಳುತ್ತದೆ, ಏಟು ನಡುವಿನಲ್ಲೇ ಸೋರಿಹೋಗುತ್ತದೆ. ತಂದೆತಾಯಿ ಇಬ್ಬರೂ ಇಲ್ಲವೆಂದು ಜ್ಯಾಕ್ ಹೇಳಿದಾಗ ಬರುವ ಮಾತನ್ನು ‘ಒಬ್ಬರನ್ನು ಕಳೆದುಕೊಂಡರೆ ದುರದೃಷ್ಟ ಎನ್ನಬಹುದು, ಇಬ್ಬರನ್ನೂ ಕಳೆದುಕೊಳ್ಳುವುದು ಅಜಾಗರೂಕತೆಯಂತೆ ಕಾಣಿಸುತ್ತದೆ’ ಎಂದರೆ ನಗು ‘ಕಾಣಿಸುತ್ತದೆ’ಯಲ್ಲಿ ಕರಗುತ್ತದೆ. ‘ಇಬ್ಬರನ್ನೂ ಕಳೆದುಕೊಂಡಿರಿ ಅಂದರೆ, ಅದು ಅಜಾಗರೂಕತೆ’ ಎಂದು ನಿಲ್ಲಿಸಿ. ಕ್ರಿಯಾಪದವಿಲ್ಲದೆ ವಾಕ್ಯ ಮುಗಿಸುವ ಸೌಕರ್ಯ ನಮ್ಮ ಭಾಷೆಗಿದೆ, ಈ ನಾಟಕದಲ್ಲಿ ಅದನ್ನು ಧಾರಾಳವಾಗಿ ಬಳಸಿ.

ಕತ್ತರಿ ಎಲ್ಲಿ, ಎಲ್ಲಿ ಬೇಡ

ಹತ್ತು ನಿಮಿಷಕ್ಕಿಂತ ಹೆಚ್ಚು ತೆಗೆಯುವ ಅಗತ್ಯ ಬರುವುದಿಲ್ಲ. ವಾಕ್ಯದ ಒಳಗೆ ಕತ್ತರಿ ಆಡಿಸಬೇಡಿ. ಮೂರು ಹಂತದಲ್ಲಿ ಏರುವ ಮಾತಿನಿಂದ ಒಂದು ಹಂತ ತೆಗೆದರೆ ಉಳಿದೆರಡೂ ಸಾಯುತ್ತವೆ. ತೆಗೆಯುವುದಾದರೆ ಪ್ರಶ್ನೆ-ಉತ್ತರ ಎರಡನ್ನೂ ಸೇರಿಸಿ ತೆಗೆಯಿರಿ. ಪಾದ್ರಿ ಡಾ. ಚ್ಯಾಸುಬಲ್‌ನ ಚರ್ಚಿನ ಪಾಂಡಿತ್ಯದ ಮಾತುಗಳಲ್ಲಿ ಕೆಲವು ಹೋಗಬಹುದು.

ಅರ್ಥವಾಗದು ಎಂದುಕೊಂಡ ಉಲ್ಲೇಖಗಳೆಲ್ಲ ಅರ್ಥವಾಗದವಲ್ಲ. ಜ್ಯಾಕ್ ತಾನು ಲಿಬರಲ್ ಯೂನಿಯನಿಸ್ಟ್ ಎನ್ನುತ್ತಾನೆ. ಆ ಪಕ್ಷ ಯಾವುದೆಂದು ಇಂದು ಯಾರಿಗೂ ಬೇಕಿಲ್ಲ. ಅವರೂ ಟೋರಿಗಳಂತೆಯೇ, ನಮ್ಮಲ್ಲಿ ಊಟಕ್ಕೆ ಬರುತ್ತಾರೆ ಎಂಬ ಲೇಡಿ ಬ್ರ್ಯಾಕ್‌ನೆಲ್‌ಳ ಉತ್ತರ ಎಲ್ಲವನ್ನೂ ಹೇಳುತ್ತದೆ. ಭಾರತದ ಸಭೆಗೆಂದೇ ಬರೆದಂತಿರುವ ಸಾಲುಗಳೂ ಇವೆ. ಮಿಸ್ ಪ್ರಿಸಮ್ ತನ್ನ ಶಿಷ್ಯೆಗೆ ಅರ್ಥಶಾಸ್ತ್ರ ಓದಲು ಹೇಳಿ, ರೂಪಾಯಿಯ ಕುಸಿತದ ಅಧ್ಯಾಯ ಮಾತ್ರ ಬೇಡ, ಅದು ತೀರಾ ರೋಮಾಂಚಕ ಎನ್ನುತ್ತಾಳೆ. 1870ರ ದಶಕದ ಆರಂಭದಲ್ಲಿ 2 ಷಿಲಿಂಗ್ ಆಸುಪಾಸು ಇದ್ದ ನಮ್ಮ ರೂಪಾಯಿ ಬೆಳ್ಳಿಯ ಬೆಲೆ ಬಿದ್ದದ್ದರಿಂದ ಇಳಿಯುತ್ತಲೇ ಹೋಗಿ, 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಖಾಸಗಿಯವರ ಬೆಳ್ಳಿಗೆ ನಾಣ್ಯ ಹಾಕಿಕೊಡುವುದನ್ನೇ ನಿಲ್ಲಿಸಬೇಕಾಯಿತು. ಲಂಡನ್ ಪತ್ರಿಕೆಗಳ ಬಿಸಿ ಸುದ್ದಿ ಅದು. ಇಂದೂ ಈ ಸಾಲಿಗೆ ವಿವರಣೆ ಬೇಡ. ಹಾಗೆಯೇ ಜನರಲ್‌ನ ವಿಚಿತ್ರ ಸ್ವಭಾವಕ್ಕೆ ಕಾರಣ ಭಾರತದ ಹವೆ, ಮದುವೆ ಮತ್ತು ಅಜೀರ್ಣ ಎಂಬ ಮಾತು. ಇಂಥ ಕಡೆ ಸಭೆಯತ್ತ ತಿರುಗಿ ಕಣ್ಣು ಮಿಟುಕಿಸುವ ನಟನನ್ನು ತಡೆಯುವುದು ನಿರ್ದೇಶಕರ ಕೆಲಸ.

ಹೊಸ ಜೋಕು, ಇಂದಿನ ರಾಜಕಾರಣಿಯ ಹೆಸರು, ಸಿನಿಮಾದ ಸಂಭಾಷಣೆ ಸೇರಿಸುವ ಆಸೆ ತಾಲೀಮಿನ ಮೂರನೇ ವಾರದಲ್ಲಿ ಖಂಡಿತ ಹುಟ್ಟುತ್ತದೆ. ತಂಡಕ್ಕೆ ಹಳೆಯ ಜೋಕು ಕೇಳಿ ಕೇಳಿ ಬೇಸರವಾಗಿರುತ್ತದೆ, ಅಷ್ಟೇ. ಸಭೆ ಅದನ್ನು ಮೊದಲ ಸಲ ಕೇಳಲಿದೆ.

ಪಾತ್ರ ಹಂಚಿಕೆ

ಒಟ್ಟು ಒಂಬತ್ತು ಪಾತ್ರ: ಐದು ಗಂಡು, ನಾಲ್ಕು ಹೆಣ್ಣು. ಸೇವಕರಾದ ಲೇನ್ ಮತ್ತು ಮೆರಿಮನ್ ಪಾತ್ರಗಳನ್ನು ಒಬ್ಬನೇ ಮಾಡಬಹುದು, ಆಗ ಎಂಟು ಜನ ಸಾಕು. ಆದರೆ ಆ ಒಬ್ಬನಿಗೆ ತಂಡದ ಹೊಸಬನನ್ನು ಹಾಕಬೇಡಿ. ತೆರೆ ಎದ್ದಾಗ ಸಭೆಗೆ ಈ ಲೋಕದ ಲಯ ಕಲಿಸುವವನೇ ಲೇನ್. ಮಾರುಕಟ್ಟೆಯಲ್ಲಿ ಸೌತೆಕಾಯಿಯೇ ಇರಲಿಲ್ಲ, ರೊಕ್ಕ ಕೊಟ್ಟರೂ ಇರಲಿಲ್ಲ ಎಂದು ಯಜಮಾನನ ಮರ್ಯಾದೆ ಉಳಿಸಲು ಅವನು ಹೇಳುವ ಸುಳ್ಳು ಅತ್ಯಂತ ಶಾಂತವಾಗಿ ಬರಬೇಕು.

ಜ್ಯಾಕ್ ತನಗೆ 29 ಎನ್ನುತ್ತಾನೆ, ಸೆಸಿಲಿಗೆ 18. ನಲವತ್ತರ ನಟ ಜ್ಯಾಕ್ ಆದರೆ ‘ಕಳೆದುಹೋದ ಮಗು’ವಿನ ಲೆಕ್ಕ ಸಭೆಯ ತಲೆಯಲ್ಲಿ ಕೂಡುವುದಿಲ್ಲ. ಲೇಡಿ ಬ್ರ್ಯಾಕ್‌ನೆಲ್ ಮುದುಕಿಯಾಗಬೇಕಿಲ್ಲ. ಮದುವೆಗೆ ಬಂದ ಮಗಳ ತಾಯಿ, ನಲವತ್ತೈದರಿಂದ ಐವತ್ತೈದು ಸಾಕು. ಗ್ವೆಂಡೊಲಿನ್ ಇನ್ನು ನೂರೈವತ್ತು ವರ್ಷಕ್ಕೆ ಅಮ್ಮನಂತೆಯೇ ಆಗುತ್ತಾಳೆ ಎಂಬ ಭಯ ಜ್ಯಾಕ್‌ಗಿದೆ, ಆದ್ದರಿಂದ ಈ ಇಬ್ಬರಿಗೂ ಕುಳಿತುಕೊಳ್ಳುವ, ತಲೆ ಎತ್ತುವ ಒಂದೇ ರೀತಿಯನ್ನು ಕಲಿಸಿ.

ಈ ಪಾತ್ರವನ್ನು ಗಂಡಸರು ಮಾಡುವ ರೂಢಿಯೂ ಬೆಳೆದಿದೆ. 2011ರಲ್ಲಿ ಬ್ರಾಡ್‌ವೇಯಲ್ಲಿ ಬ್ರಯನ್ ಬೆಡ್‌ಫರ್ಡ್, 2015ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಸುಶೆ ಮಾಡಿದರು. ಸ್ತ್ರೀಪಾತ್ರಧಾರಿಗಳ ದೊಡ್ಡ ಪರಂಪರೆ ನಮ್ಮ ಕಂಪನಿ ನಾಟಕಗಳಿಗೂ ಇತ್ತು. ಸೀರಿಯಸ್ಸಾಗಿ ಹೆಣ್ಣಾಗಬಲ್ಲ ನಟ ಸಿಕ್ಕರೆ ಮಾತ್ರ ಆ ದಾರಿ ಹಿಡಿಯಿರಿ. ವೇಷವೇ ಜೋಕಾದರೆ ಅವಳ ವಾದ ಯಾರಿಗೂ ಕೇಳಿಸುವುದಿಲ್ಲ, ಈ ಪಾತ್ರದ ಶಕ್ತಿಯೆಲ್ಲ ವಾದದಲ್ಲಿದೆ.

ಅವಳು ಜ್ಯಾಕ್‌ನನ್ನು ಪ್ರಶ್ನಿಸುವ ದೃಶ್ಯವನ್ನು ವರನ ವಿಚಾರಣೆ ಎಂದೇ ಆಡಿಸಿ, ಏಕೆಂದರೆ ಅದು ನಿಜಕ್ಕೂ ಅದೇ. ವಯಸ್ಸೆಷ್ಟು, ಆದಾಯವೆಷ್ಟು, ಹಣ ಭೂಮಿಯಲ್ಲಿದೆಯೋ ಹೂಡಿಕೆಯಲ್ಲಿದೆಯೋ, ಪಟ್ಟಣದ ಮನೆ ಯಾವ ಬೀದಿಯಲ್ಲಿ, ತಂದೆತಾಯಿ ಯಾರು. ನಮ್ಮ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿರುವವರೂ ಕೇಳಿಸಿಕೊಂಡವರೂ ಕೂತಿರುತ್ತಾರೆ. ಅವಳ ಕೈಯ ಟಿಪ್ಪಣಿ ಪುಸ್ತಕ, ಪೆನ್ಸಿಲ್ ಈ ದೃಶ್ಯದ ಎಂಜಿನ್. ಅವಳು ಕೂತಿರುತ್ತಾಳೆ, ಅವನು ನಿಂತೇ ಇರುತ್ತಾನೆ. ಪ್ರತಿ ಉತ್ತರವನ್ನೂ ಅವಳು ಬರೆದುಕೊಳ್ಳಬೇಕು, ಬರೆಯುವಷ್ಟು ಹೊತ್ತು ಅವನು ಕಾಯಬೇಕು. ಚೀಲದ ಮಾತು ಬಂದಾಗ ಪೆನ್ಸಿಲ್ ನಿಲ್ಲಲಿ. 1952ರ ಚಲನಚಿತ್ರದಲ್ಲಿ ಈಡಿತ್ ಇವಾನ್ಸ್ ‘ಹ್ಯಾಂಡ್‌ಬ್ಯಾಗ್?’ ಎಂಬ ಆ ಒಂದು ಉದ್ಗಾರವನ್ನು ಎಳೆದ ರೀತಿ ಎಷ್ಟು ಪ್ರಸಿದ್ಧವಾಯಿತೆಂದರೆ ಇಂಗ್ಲಿಷ್ ನಟಿಯರಿಗೆ ಅದು ಇಂದಿಗೂ ಹೊರೆ. ಕನ್ನಡದ ನಟಿಗೆ ಆ ಹೊರೆಯಿಲ್ಲ. ಕೂಗದೆ, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಹೇಳಲಿ.

ತಾಲೀಮು

ವಾರಕ್ಕೆ ಐದು ಸಂಜೆ, ದಿನಕ್ಕೆ ಮೂರು ಗಂಟೆ, ಆರು ವಾರ. ಒಟ್ಟು 90 ಗಂಟೆ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಮೊದಲ ವಾರ ಕೂತು ಓದು. ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ಬೀಜ ಮತ್ತು ಫಲ ಗುರುತಿಸಬೇಕು: ಮೊದಲ ಅಂಕದಲ್ಲಿ ಜ್ಯಾಕ್ ತನ್ನ ‘ತಮ್ಮ’ನನ್ನು ಸಾಯಿಸುತ್ತೇನೆ ಎಂದದ್ದು ಎರಡನೆಯದರಲ್ಲಿ ಎಲ್ಲಿ ಹಣ್ಣಾಗುತ್ತದೆ, ಪ್ರಿಸಮ್ ಕಾದಂಬರಿ ಬರೆದಿದ್ದೆ ಎಂದದ್ದು ಮೂರನೆಯದರಲ್ಲಿ ಎಲ್ಲಿ. ಬೀಜದ ಸಾಲುಗಳು ನಗು ಹುಟ್ಟಿಸದಿದ್ದರೂ ಸ್ಪಷ್ಟವಾಗಿ ಕೇಳಿಸಬೇಕು. ಎರಡರಿಂದ ನಾಲ್ಕನೇ ವಾರ ಅಂಕಕ್ಕೊಂದು ವಾರ, ಐದನೆಯದು ಪೂರ್ತಿ ರನ್-ಥ್ರೂ, ಆರನೆಯದು ಉಡುಪು, ಬೆಳಕು, ಗ್ರ್ಯಾಂಡ್ ರಿಹರ್ಸಲ್.

ಮಾತು ಬಾಯಿಪಾಠವಾದ ಮೇಲೆ ವಾರಕ್ಕೊಮ್ಮೆ ಇಡೀ ಅಂಕವನ್ನು ಚಲನೆಯಿಲ್ಲದೆ, ಎರಡರಷ್ಟು ವೇಗದಲ್ಲಿ, ಒಂದು ಪದವೂ ನುಂಗದೆ ಹೇಳಿಸಿ. ಯಾರ ಮಾತಿನ ತುದಿ ಇಳಿಯುತ್ತದೆ, ಯಾರು ಎದುರಿನವರ ಸಾಲು ಮುಗಿದ ಮೇಲೆ ಉಸಿರೆಳೆಯುತ್ತಾರೆ ಎಂಬುದು ಆಗ ತಿಳಿಯುತ್ತದೆ. ಉಸಿರು ಎದುರಿನವರ ಮಾತಿನ ಕೊನೆಯ ಎರಡು ಪದಗಳೊಳಗೇ ಆಗಬೇಕು. ಈ ಒಂದು ಅಭ್ಯಾಸದಿಂದಲೇ ಪ್ರದರ್ಶನದ ಐದಾರು ನಿಮಿಷ ಉಳಿಯುತ್ತದೆ.

ಎರಡನೇ ಅಂಕದಲ್ಲಿ ಜ್ಯಾಕ್ ಸಂಪೂರ್ಣ ಶೋಕದ ಉಡುಪಿನಲ್ಲಿ ತೋಟದ ಹಿಂದಿನಿಂದ ಬರುವುದು ನಾಟಕದ ಅತಿ ದೊಡ್ಡ ನಗು, ಮಾತೇ ಇಲ್ಲದ್ದು. ಸತ್ತನೆಂದು ಅವನು ಸಾರಲು ಬಂದ ‘ಅರ್ನೆಸ್ಟ್’ ಆಗಲೇ ಒಳಗೆ ಸೆಸಿಲಿಯ ಜೊತೆಗಿದ್ದಾನೆಂದು ಸಭೆಗೆ ಗೊತ್ತು. ನಮ್ಮಲ್ಲಿ ಕಪ್ಪು ಶೋಕದ ಬಣ್ಣವಲ್ಲ, ಆದ್ದರಿಂದ ಬರಿಯ ಕಪ್ಪು ಸೂಟು ಹಾಕಿಸಿದರೆ ನಗು ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆ ಅಂಕದ ಉಳಿದ ಎಲ್ಲ ಉಡುಪೂ ಬಿಳಿ, ಕೆನೆ, ತಿಳಿಹಸಿರು ಇರಲಿ. ಟೋಪಿಗೆ ಕಪ್ಪು ಕ್ರೇಪ್ ಪಟ್ಟಿ, ಕೈಗೆ ಕಪ್ಪು ಗವಸು, ಟೋಪಿಯನ್ನು ಎದೆಗೆ ಹಿಡಿದು ತಲೆ ತಗ್ಗಿಸಿದ ನಡಿಗೆ. ಹಿಂಬದಿಯಿಂದ ಮುಂದೆ ಬರಲು ಆರೇಳು ಸೆಕೆಂಡು ತೆಗೆದುಕೊಳ್ಳಲಿ. ಹಿನ್ನೆಲೆ ಸಂಗೀತ ಹಾಕಬೇಡಿ, ಯಾವ ಕಾರಣಕ್ಕೂ.

ತಿಂಡಿ ಮತ್ತು ಚಹಾ

ನಾಟಕದ ಅರ್ಧ ಕ್ರಿಯೆ ತಿನ್ನುವುದೇ. ಮೊದಲ ಅಂಕದಲ್ಲಿ ಅತ್ತೆಗೆಂದು ಮಾಡಿಸಿದ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳನ್ನು ಅಲ್ಜರ್ನನ್ ಅವಳು ಬರುವ ಮೊದಲೇ ಖಾಲಿ ಮಾಡುತ್ತಾನೆ. ಇದರಲ್ಲಿ ಕೆಡುವುದು ಮೂರು: ಬ್ರೆಡ್ ಒಣಗಿ ಗಂಟಲಿಗೆ ಅಂಟುತ್ತದೆ, ಸೌತೆಕಾಯಿ ನೀರು ಬಿಟ್ಟು ಬ್ರೆಡ್ ಕೈಯಲ್ಲೇ ಮುರಿಯುತ್ತದೆ, ತುಂಡು ದೊಡ್ಡದಾಗಿ ಮಾತು ನಿಲ್ಲುತ್ತದೆ. ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಂಡಿ. ಎರಡೂ ಹೋಳಿಗೆ ಬೆಣ್ಣೆ ಸವರಿ. ಬೆಣ್ಣೆ ನೀರನ್ನು ತಡೆಯುತ್ತದೆ. ಅಂಚು ತೆಗೆದು 4 ಸೆಂ.ಮೀ. ಚೌಕ ಮಾಡಿ. ತೆರೆ ಏಳುವುದಕ್ಕೆ ಒಂದು ಗಂಟೆಗಿಂತ ಮುಂಚೆ ಮಾಡಬೇಡಿ, ಹಿಂಡಿದ ಒದ್ದೆ ಬಟ್ಟೆ ಮುಚ್ಚಿಡಿ. ಎಂಟರಿಂದ ಹತ್ತು ತುಂಡು ಬೇಕು. ಯಾವ ತುಂಡು ಯಾವ ಸಾಲಿನಲ್ಲಿ ಬಾಯಿಗೆ, ಯಾವ ಸಾಲಿನಲ್ಲಿ ನುಂಗುವುದು ಎಂದು ಪ್ರತಿಯಲ್ಲೇ ಬರೆಯಿರಿ. ಜ್ಯಾಕ್‌ನ ಪಾಲಿಗೆ ಬರುವುದು ಬ್ರೆಡ್-ಬೆಣ್ಣೆ, ಅದಕ್ಕೆ ಬೇರೆ ತಟ್ಟೆ.

ಎರಡನೇ ಅಂಕದ ಕೊನೆಯ ಮಫಿನ್ ಎಂದರೆ ಬೇಕರಿಯ ಸಿಹಿ ಕಪ್‌ಕೇಕ್ ಅಲ್ಲ. ಅದು ಹುಳಿ ಬರಿಸಿದ ಚಪ್ಪಟೆ ಬ್ರೆಡ್, ಬೆಣ್ಣೆ ಹಚ್ಚಿ ತಿನ್ನುವುದು. ನಮ್ಮ ಮೆತ್ತನೆಯ ಬೆಣ್ಣೆ ಬನ್ ಚೆನ್ನಾಗಿ ಹೊಂದುತ್ತದೆ. ಪುಡಿಯಾಗುವ ಯಾವುದೂ ಬೇಡ. ಮಾತಿನ ನಡುವೆ ಪುಡಿ ಶ್ವಾಸನಾಳಕ್ಕೆ ಹೋದರೆ ದೃಶ್ಯ ಮುಗಿದಂತೆ. ಬೆಣ್ಣೆ ಅಂಗಿಯ ಕಫ್‌ಗೆ ತಾಗಬಾರದು ಎಂದು ಅಲ್ಜರ್ನನ್ ನಿಧಾನವಾಗಿ, ಶಾಂತವಾಗಿ ತಿನ್ನಬೇಕು. ಅವನ ಶಾಂತಿ ಜ್ಯಾಕ್‌ನ ಸಿಟ್ಟನ್ನು ಏರಿಸುತ್ತದೆ. ಮಫಿನ್ ಎರಡೇ ಉಳಿದಿವೆ ಎಂಬ ಮಾತಿಗೆ ತಟ್ಟೆಯಲ್ಲಿ ಎರಡೇ ಇರಬೇಕು, ಬಾಲ್ಕನಿಯವರು ಎಣಿಸುತ್ತಾರೆ.

ನಡುವಿನ ಚಹಾ ದೃಶ್ಯದಲ್ಲಿ ಸಕ್ಕರೆ ಬೇಡವೆಂದ ಗ್ವೆಂಡೊಲಿನ್‌ಗೆ ಸೆಸಿಲಿ ನಾಲ್ಕು ಸಕ್ಕರೆ ಗಟ್ಟಿ ಹಾಕುತ್ತಾಳೆ, ಬ್ರೆಡ್-ಬೆಣ್ಣೆ ಕೇಳಿದವಳಿಗೆ ದೊಡ್ಡ ಕೇಕ್ ಹೋಳು ಕತ್ತರಿಸಿ ಕೊಡುತ್ತಾಳೆ. ಇಕ್ಕುಳದಿಂದ ಒಂದೊಂದಾಗಿ, ಶಬ್ದ ಕೇಳುವಂತೆ ಬೀಳಿಸಲು ಪಿಂಗಾಣಿ ಬಟ್ಟಲೇ ಬೇಕು. ಈ ದೃಶ್ಯದಲ್ಲಿ ಖರ್ಚು ಉಳಿಸಲು ಆಳುಗಳನ್ನು ತೆಗೆದುಹಾಕುವವರಿದ್ದಾರೆ. ಅದರಿಂದ ದೃಶ್ಯದ ಬೆನ್ನೆಲುಬೇ ಮುರಿಯುತ್ತದೆ. ಆಳುಗಳ ಎದುರು ಜಗಳವಾಡುವಂತಿಲ್ಲ, ಅದಕ್ಕೇ ಹುಡುಗಿಯರಿಬ್ಬರೂ ಒಳಗೊಳಗೇ ಕುದಿಯುತ್ತಾರೆ ಎಂದು ವೈಲ್ಡ್ ರಂಗಸೂಚನೆಯಲ್ಲೇ ಬರೆದಿದ್ದಾನೆ. ಮೆರಿಮನ್ ಜೊತೆ ಇನ್ನೊಬ್ಬ ಆಳು ಕಲ್ಲಿನ ಮುಖದಿಂದ ನಿಂತಿರಲಿ, ಬೆಳಕಿನ ತಂಡದವರೊಬ್ಬರಾದರೂ ಸರಿ. ಚಹಾ ತೆಳು ಡಿಕಾಕ್ಷನ್ನು, ಹಾಲಿಲ್ಲದೆ, ಬಿಸಿಯಿಲ್ಲದೆ. ಹಾಲು ಕುಡಿದರೆ ಗಂಟಲು ಕಟ್ಟಿದಂತೆ ಅನ್ನಿಸುತ್ತದೆ.

ಮೂರನೇ ವಾರದಿಂದ ನಿಜವಾದ ತಿಂಡಿಯೊಂದಿಗೇ ತಾಲೀಮು ಮಾಡಿ. ಖಾಲಿ ಕೈಯಲ್ಲಿ ಕಲಿತ ಲಯ ತುಂಬಿದ ಬಾಯಿಗೆ ಹೊಂದುವುದಿಲ್ಲ.

ಪರಿಕರ, ರಂಗಸಜ್ಜಿಕೆ, ಉಡುಪು

‘ಹ್ಯಾಂಡ್‌ಬ್ಯಾಗ್’ ಎಂದರೆ ನಮ್ಮವರ ಕಣ್ಣಿಗೆ ಬರುವುದು ಹೆಗಲಿಗೆ ಹಾಕುವ ಪರ್ಸು. ನಾಟಕದ್ದು ಹಿಡಿಗಳಿರುವ ದೊಡ್ಡ ಕಪ್ಪು ಚರ್ಮದ ಪ್ರಯಾಣದ ಚೀಲ, ಸುಮಾರು 45 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರ, ಕೂಸು ಹಿಡಿಸುವಂಥದು. ಒಳಗಿನ ಬಟ್ಟೆಯಲ್ಲಿ ಕಲೆ, ಹೊರಗೆ ಜಜ್ಜಿದ ಗುರುತು, ಬೀಗದ ಮೇಲೆ ಅಕ್ಷರಗಳು ಇರಲೇಬೇಕು, ಮಿಸ್ ಪ್ರಿಸಮ್ ಒಂದೊಂದನ್ನೇ ಗುರುತಿಸುತ್ತಾಳೆ. ಅದನ್ನು ಹುಡುಕುವಾಗ ಮೇಲಿನ ಕೋಣೆಯಿಂದ ಪೆಟ್ಟಿಗೆಗಳನ್ನು ಎಸೆಯುವ ಸದ್ದು ಬರಬೇಕು. ರೆಕಾರ್ಡಿಂಗ್ ಬಿಡಿ, ವಿಂಗ್‌ನಲ್ಲಿ ಇಬ್ಬರು ಟ್ರಂಕುಗಳೊಂದಿಗೆ ನಿಲ್ಲಲಿ. ನಗು ಉದ್ದವಾದರೆ ಸದ್ದೂ ಉದ್ದವಾಗಬಹುದು. ಲೇಡಿ ಬ್ರ್ಯಾಕ್‌ನೆಲ್ ಬರುವಾಗ ಬಾರಿಸುವ ಬಾಗಿಲ ಗಂಟೆಗೂ ಇದೇ ಮಾತು. ಸಿಗರೇಟ್ ಕೇಸಿನೊಳಗೆ ಬರಹ ನಿಜವಾಗಿ ಕೆತ್ತಿರಲಿ, ಸಿಗರೇಟು ಹಚ್ಚುವುದು ಬೇಡ. 2008ರ ನಿಯಮಗಳ ಪ್ರಕಾರ ಸಭಾಂಗಣದಲ್ಲಿ ಧೂಮಪಾನ ನಿಷಿದ್ಧ.

ಮೂರು ಅಂಕಕ್ಕೆ ಮೂರು ಸೆಟ್ ಕಟ್ಟಲು ಹಣವಿಲ್ಲದಿದ್ದರೆ ಒಂದು ಸೋಫಾ, ಎರಡು ಮೇಜು, ಆರು ಕುರ್ಚಿ, ಮೂರು ಬಾಗಿಲಿನ ಚೌಕಟ್ಟು ಸಾಕು. ಮೊದಲ ಅಂಕದ ನಂತರ ಮಧ್ಯಂತರ ಕೊಟ್ಟು ತೋಟ ಜೋಡಿಸಿ. ಎರಡರಿಂದ ಮೂರಕ್ಕೆ ಕಥೆಯಲ್ಲೂ ಸಮಯ ಕಳೆಯುವುದಿಲ್ಲ, ಆದ್ದರಿಂದ ಮೆರಿಮನ್ ಮತ್ತು ಆಳು ಸಭೆಯೆದುರೇ ಒಂದೂವರೆ ನಿಮಿಷದಲ್ಲಿ ಪೀಠೋಪಕರಣ ತಿರುಗಿಸಲಿ. ಬೆಂಗಳೂರಿನ ರಂಗಶಂಕರದಂತೆ ಮೂರು ಕಡೆ ಪ್ರೇಕ್ಷಕರಿರುವ ವೇದಿಕೆಯಲ್ಲಿ ಚಹಾ ಮೇಜನ್ನು ನಡು ಮುಂಭಾಗದಲ್ಲಿ ಇಡಬೇಡಿ, ಒಂದು ಬದಿಗೆ ಸದಾ ಬೆನ್ನೇ ಕಾಣುತ್ತದೆ. ಕರ್ಣರೇಖೆಯಲ್ಲಿಡಿ.

1895 ಎಂದರೆ ಉಬ್ಬಿದ ತೋಳುಗಳ ಪರಮಾವಧಿಯ ವರ್ಷ. ಆ ತೋಳಿನ ಇಬ್ಬರು ಹುಡುಗಿಯರು ಒಂದೇ ಸೋಫಾದಲ್ಲಿ ಕೂರಬೇಕಾದರೆ ಅದು ಐದಡಿಗೆ ಕಡಿಮೆಯಿರಬಾರದು, ಬಾಗಿಲು ಮೂರೂವರೆ ಅಡಿ. ನೆಲ ಮುಟ್ಟುವ ತಾಲೀಮಿನ ಲಂಗಗಳನ್ನು ಎರಡನೇ ವಾರದಲ್ಲೇ ಕೊಡಿ. ಜೀನ್ಸಿನಲ್ಲಿ ಕಲಿತ ತಿರುವುಗಳು ಲಂಗದಲ್ಲಿ ಎಡವಿಸುತ್ತವೆ.

ಪ್ರದರ್ಶನ ಶುರುವಾದ ಮೇಲೆ

ಮೊದಲ ಐದು ನಿಮಿಷ ಸಭೆ ನಗದಿರಬಹುದು. ಈ ಮಾತಿನ ಧಾಟಿಗೆ ಕಿವಿ ಹೊಂದಿಕೊಳ್ಳುತ್ತಿರುತ್ತದೆ. ಆಗ ದನಿ ಏರಿಸಿ, ಮುಖ ಕುಣಿಸಿ ನಗು ಎಳೆಯಲು ಹೋದರೆ ಮುಂದಿನ ಎರಡು ಗಂಟೆ ಹಾಗೆಯೇ ಎಳೆಯಬೇಕಾಗುತ್ತದೆ. ನಗು ಬಂದಾಗ ಅದು ಏರಿ, ಅರ್ಧಕ್ಕೆ ಇಳಿದಾಗ ಮುಂದಿನ ಸಾಲು ಹಿಡಿಯಬೇಕು. ಪೂರ್ತಿ ಇಳಿಯುವವರೆಗೆ ಕಾದರೆ ರಂಗ ತಣ್ಣಗಾಗುತ್ತದೆ, ಏರುವಾಗಲೇ ಮಾತಾಡಿದರೆ ಸಭೆ ನಗುವುದನ್ನೇ ಬಿಟ್ಟು ಕೇಳತೊಡಗುತ್ತದೆ. ಕಾಯುವಾಗ ನಟ ಬೊಂಬೆಯಂತೆ ನಿಲ್ಲದೆ ಪಾತ್ರದ ಯೋಚನೆಯಲ್ಲಿರಬೇಕು.

ರಂಗವ್ಯವಸ್ಥಾಪಕರು ಪ್ರತಿ ಪ್ರದರ್ಶನದಲ್ಲೂ ಅಂಕವಾರು ಸಮಯ ಬರೆದಿಡಲಿ. ಎರಡನೇ ಅಂಕ ಮೂರು ನಿಮಿಷ ಬೆಳೆದಿದ್ದು ನಗು ಹೆಚ್ಚಿಲ್ಲದಿದ್ದರೆ, ನಟರು ನಗುವಿಗೆಂದು ಜಾಗ ಬಿಡತೊಡಗಿದ್ದಾರೆ ಎಂದರ್ಥ. ನಿನ್ನೆ ಬಂದ ನಗು ಇಂದು ಬಾರದಿದ್ದರೆ ನಗುವಿನ ಸಾಲನ್ನು ತಿದ್ದಬೇಡಿ, ಅದರ ಹಿಂದಿನ ಸಾಲನ್ನು ನೋಡಿ. ಹತ್ತರಲ್ಲಿ ಎಂಟು ಸಲ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿರುವುದಿಲ್ಲ, ಇಲ್ಲವೇ ಪ್ರಶ್ನೆ ಕೇಳಿದವರಿಗೆ ಉತ್ತರ ನಿಜಕ್ಕೂ ಬೇಕಾಗಿರುವುದಿಲ್ಲ. ಮುಂದಿನ ಪ್ರದರ್ಶನದ ಮಧ್ಯಾಹ್ನ ಆ ಅಂಕವನ್ನು ಮಾತ್ರ ಒಮ್ಮೆ ಎರಡರಷ್ಟು ವೇಗದಲ್ಲಿ ಹೇಳಿಸಿ, ಸಂಜೆ ಗಡಿಯಾರ ಮತ್ತೆ ನೋಡಿ.